ಹಳೆಯ ಅವಮಾನ ಮರೆಯುವುದಿಲ್ಲ, ನಿನ್ನೆ ಓದಿದ್ದು ನೆನಪಿಲ್ಲ. ಮೈಂಡ್‌ಫುಲ್‌ನೆಸ್ ಇಲ್ಲಿ ಏನು ಮಾಡಬಲ್ಲದು?

ಪ್ರಶ್ನೆ: ಎಷ್ಟೋ ವರ್ಷದ ಹಿಂದೆ ಒಂದು ಮೀಟಿಂಗ್‌ನಲ್ಲಿ ಮೇಲಧಿಕಾರಿ ಎಲ್ಲರ ಮುಂದೆ ನನ್ನನ್ನು ಬೈದದ್ದು ಇವತ್ತಿಗೂ ಅಕ್ಷರಕ್ಷರ ನೆನಪಿದೆ. ಆದರೆ ನಿನ್ನೆ ಓದಿದ ಪುಟ ನೆನಪಿರುವುದಿಲ್ಲ. ಎರಡು ತಿಂಗಳಿಂದ ಮೈಂಡ್‌ಫುಲ್‌ನೆಸ್ ಅನ್ನುವ ಧ್ಯಾನ ಮಾಡುತ್ತಿದ್ದೇನೆ. ಕಣ್ಣು ಮುಚ್ಚಿ ಕೂತರೆ ಸಾಕು, ಅದೇ ಮೀಟಿಂಗ್ ಕಣ್ಣ ಮುಂದೆ. ಧ್ಯಾನದಿಂದ ಕೆಟ್ಟ ನೆನಪು ಅಳಿಸಿಹೋಗುತ್ತದೆ, ಮೆದುಳಿನ ಆಕಾರವೇ ಬದಲಾಗುತ್ತದೆ ಅಂತ ಓದಿದ್ದೆ. ನಿಜವಾ? ಅಥವಾ ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನಾ?

ಉತ್ತರ:

ಚಿಕ್ಕ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಅಳಿಸುವುದಿಲ್ಲ. ಕೆಟ್ಟ ನೆನಪನ್ನು ಧ್ಯಾನ ಒರೆಸಿಹಾಕುತ್ತದೆ ಅಂತ ಯಾರಾದರೂ ಹೇಳಿದರೆ ಅವರು ಏನೋ ಮಾರಲು ಬಂದಿದ್ದಾರೆ ಅಂತ ತಿಳಿದುಕೊಳ್ಳಿ. ಇನ್ನು, ಕೂತಾಗಲೆಲ್ಲ ಅದೇ ಬರುತ್ತದೆ ಅಂದಿರಲ್ಲ, ಅದು ತಪ್ಪೇನಲ್ಲ, ಬಹಳ ಜನರಿಗೆ ಹಾಗೇ ಆಗುತ್ತದೆ. ಮೈಂಡ್‌ಫುಲ್‌ನೆಸ್ ಮಾಡುವ ಕೆಲಸ ಬೇರೆ. ನೆನಪು ಬಂದ ಹೊತ್ತಿನಲ್ಲಿ ನಿಮ್ಮ ಮೈ, ಮನಸ್ಸು ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನು ಅದು ಬದಲಿಸುತ್ತದೆ. ಅಷ್ಟೇನಾ ಅನ್ನಿಸಬಹುದು. ನೆನಪು ಮೆದುಳಿನಲ್ಲಿ ಹೇಗೆ ಉಳಿಯುತ್ತದೆ ಅಂತ ಗೊತ್ತಾದರೆ ಹಾಗೆ ಅನ್ನಿಸುವುದಿಲ್ಲ.

ಆ ಮೀಟಿಂಗ್‌ನಿಂದಲೇ ಶುರು ಮಾಡೋಣ. ಎಲ್ಲರ ಮುಂದೆ ಬೈಸಿಕೊಳ್ಳುವಾಗ ಮುಖ ಬಿಸಿಯಾಗಿರುತ್ತದೆ, ಎದೆ ಹೊಡೆದುಕೊಂಡಿರುತ್ತದೆ. ಅಂದರೆ ಅಡ್ರಿನಲಿನ್ ಅನ್ನುವ ಒತ್ತಡದ ಹಾರ್ಮೋನ್ ರಕ್ತದಲ್ಲಿ ಹರಿದಿದೆ. ಈ ಅಡ್ರಿನಲಿನ್ ರಕ್ತದಿಂದ ನೇರವಾಗಿ ಮೆದುಳಿನೊಳಗೆ ಹೋಗುವುದು ಕಷ್ಟ. ಅದು ವೇಗಸ್ ಅನ್ನುವ ನರದ ಮೂಲಕ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ಮೆದುಳಿನ ತುಂಬ ಬಿಡುಗಡೆಯಾಗುತ್ತದೆ, ಮುಖ್ಯವಾಗಿ ಅಮಿಗ್ಡಲಾದಲ್ಲಿ. ಕಿವಿಯ ನೇರಕ್ಕೆ ಒಳಗಡೆ, ಎರಡೂ ಬದಿಯಲ್ಲಿ ಒಂದೊಂದು, ಬಾದಾಮಿ ಗಾತ್ರದ ಭಾಗ ಅದು. ಅದರ ಪಕ್ಕದಲ್ಲೇ ಹಿಪ್ಪೋಕ್ಯಾಂಪಸ್ ಇದೆ. ಯಾವಾಗ, ಎಲ್ಲಿ, ಏನಾಯಿತು ಅನ್ನುವುದನ್ನು ಜೋಡಿಸಿ ಇಡುವುದು ಅದರ ಕೆಲಸ. ಇದು ಮುಖ್ಯ, ಗಟ್ಟಿಯಾಗಿ ಇಟ್ಟುಕೋ ಅಂತ ಅಮಿಗ್ಡಲಾ ಅದಕ್ಕೆ ಸೂಚನೆ ಕೊಡುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕಾರ್ಟಿಸಾಲ್ ಅನ್ನುವ ಇನ್ನೊಂದು ಒತ್ತಡದ ಹಾರ್ಮೋನ್ ಕೂಡ ಬಂದು ಇದಕ್ಕೇ ಕೈ ಜೋಡಿಸುತ್ತದೆ. ಘಟನೆ ಮುಗಿದ ಮೇಲೂ ಗಂಟೆಗಟ್ಟಲೆ ಈ ಗಟ್ಟಿ ಮಾಡುವ ಕೆಲಸ ನಡೆಯುತ್ತಲೇ ಇರುತ್ತದೆ.

ಇದು ಬರೀ ಊಹೆ ಅಲ್ಲ. 1994ರಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮೆಗಾ ಮತ್ತು ಜೊತೆಗಾರರು ಒಂದು ಸೊಗಸಾದ ಪ್ರಯೋಗ ಮಾಡಿದರು. ಒಂದಷ್ಟು ಸ್ಲೈಡ್ ತೋರಿಸಿ ಕಥೆ ಹೇಳಿದರು. ತಾಯಿ ಮಗ ಸೇರಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ತಂದೆಯನ್ನು ನೋಡಲು ಹೊರಡುತ್ತಾರೆ, ದಾರಿಯಲ್ಲಿ ಹುಡುಗನಿಗೆ ಕಾರು ಗುದ್ದುತ್ತದೆ. ಕೆಲವರಿಗೆ ಮೊದಲೇ ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟಿದ್ದರು, ಅದು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಕೆಲಸವನ್ನು ತಡೆಯುವ ಔಷಧ. ಒಂದು ವಾರ ಬಿಟ್ಟು ಕೇಳಿದಾಗ, ಮಾತ್ರೆ ತೆಗೆದುಕೊಳ್ಳದವರಿಗೆ ಅಪಘಾತದ ಭಾಗ ಉಳಿದಿದ್ದಕ್ಕಿಂತ ಚೆನ್ನಾಗಿ ನೆನಪಿತ್ತು. ತೆಗೆದುಕೊಂಡವರಿಗೆ ಆ ಹೆಚ್ಚುವರಿ ನೆನಪೇ ಇರಲಿಲ್ಲ. ಸಪ್ಪೆ ಭಾಗಗಳನ್ನು ಮಾತ್ರ ಇಬ್ಬರೂ ಒಂದೇ ಥರ ನೆನಪಿಟ್ಟುಕೊಂಡಿದ್ದರು. ನಿಮ್ಮ ನಿನ್ನೆಯ ಪುಟ ಈ ಸಪ್ಪೆ ಭಾಗದ ಗುಂಪಿಗೆ ಸೇರುತ್ತದೆ. ಅದನ್ನು ಓದುವಾಗ ಎದೆ ಹೊಡೆದುಕೊಳ್ಳಲಿಲ್ಲ, ಅಮಿಗ್ಡಲಾ ಸೂಚನೆ ಕೊಡಲಿಲ್ಲ. ನಿಮ್ಮ ನೆನಪಿನ ಶಕ್ತಿ ಕೆಟ್ಟಿದೆ ಅಂತ ಇದರಿಂದಲೇ ಹೇಳಲು ಬರುವುದಿಲ್ಲ.

ಇನ್ನೊಂದು ವಿಷಯ ಇಲ್ಲಿ ಬಹಳ ಮುಖ್ಯ, ಜನ ಇದನ್ನು ಗಮನಿಸುವುದೇ ಕಡಿಮೆ. ಘಟನೆಯ ನೆನಪು ಒಂದು, ಅದರ ಭಯ ಇನ್ನೊಂದು. ಎರಡನ್ನೂ ಮೆದುಳು ಬೇರೆ ಬೇರೆ ಕಡೆ ಇಟ್ಟುಕೊಳ್ಳುತ್ತದೆ. 1995ರಲ್ಲಿ ಆಂಟ್ವಾನ್ ಬೆಶಾರಾ ಮತ್ತು ಜೊತೆಗಾರರು ಮೂವರು ರೋಗಿಗಳ ಬಗ್ಗೆ ಬರೆದರು. ಒಬ್ಬರಿಗೆ ಅಮಿಗ್ಡಲಾ ಹಾಳಾಗಿತ್ತು, ಒಬ್ಬರಿಗೆ ಹಿಪ್ಪೋಕ್ಯಾಂಪಸ್, ಮೂರನೆಯವರಿಗೆ ಎರಡೂ. ಬೇರೆ ಬೇರೆ ಬಣ್ಣದ ಸ್ಲೈಡ್ ತೋರಿಸುತ್ತಾ, ಒಂದು ಬಣ್ಣ ಬಂದಾಗ ಮಾತ್ರ ಜೋರಾಗಿ ಹಾರ್ನ್ ಹೊಡೆದರು. ಅಮಿಗ್ಡಲಾ ಇಲ್ಲದವರು ಯಾವ ಬಣ್ಣಕ್ಕೆ ಹಾರ್ನ್ ಬಂತು ಅಂತ ಸರಿಯಾಗಿ ಹೇಳಿದರು, ಆದರೆ ಆ ಬಣ್ಣ ಕಂಡಾಗ ಅವರ ಅಂಗೈ ಬೆವರಲಿಲ್ಲ. ಹಿಪ್ಪೋಕ್ಯಾಂಪಸ್ ಇಲ್ಲದವರ ಅಂಗೈ ಬೆವರಿತು, ಯಾವ ಬಣ್ಣ ಅಂತ ಕೇಳಿದರೆ ಅವರಿಗೆ ಗೊತ್ತಿಲ್ಲ! ಎರಡೂ ಹಾಳಾದವರಿಗೆ ಎರಡೂ ಇಲ್ಲ.

ಹಾಗಾಗಿ ಮೀಟಿಂಗ್ ಚೆನ್ನಾಗಿ ನೆನಪಿದ್ದೂ ಅದರ ಉರಿ ಇಲ್ಲದಿರಬಹುದು. ನಿಮಗೆ ಬೇಕಾಗಿರುವುದೂ ಅದೇ ಅಲ್ವಾ? ಮೀಟಿಂಗ್ ಮರೆತು ನಿಮಗೇನೂ ಆಗಬೇಕಾಗಿಲ್ಲ. ಅದು ನೆನಪಾದಾಗ ಹೊಟ್ಟೆ ಹಿಂಡಿದ ಹಾಗೆ ಆಗಬಾರದು, ಅಷ್ಟೇ.

ಈಗ ಸ್ವಲ್ಪ ಕಹಿ ಮಾತು. ಅಕ್ಷರಕ್ಷರ ನೆನಪಿದೆ ಅಂದಿದ್ದೀರಿ. ನಾನು ಅದನ್ನು ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟವಾದ ಮರುದಿನ ಬೆಳಿಗ್ಗೆ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ ಅಂತ ಬರೆಸಿಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಮತ್ತೆ ಅದೇ ಪ್ರಶ್ನೆ. ಬಹಳ ಜನರ ಉತ್ತರ ಬದಲಾಗಿತ್ತು, ಕೆಲವರದ್ದಂತೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಆದರೂ ಅವರಿಗೆ ತಮ್ಮ ನೆನಪಿನ ಮೇಲೆ ಎಲ್ಲಿಲ್ಲದ ವಿಶ್ವಾಸ. ತಾವೇ ಹಿಂದೆ ಬರೆದದ್ದನ್ನು ತೋರಿಸಿದರೂ ಹೊಸ ನೆನಪೇ ನಿಜ ಅನ್ನಿಸುತ್ತಿತ್ತು. ಆಮೇಲೆ 2001ರ ಸೆಪ್ಟೆಂಬರ್ 11ರ ದಾಳಿಯ ನೆನಪನ್ನು ಜೆನಿಫರ್ ಟಲರಿಕೋ ಮತ್ತು ಡೇವಿಡ್ ರೂಬಿನ್ ಪರೀಕ್ಷಿಸಿದರು, ಅದೇ ದಿನಗಳ ಒಂದು ಮಾಮೂಲಿ ಘಟನೆಯ ನೆನಪಿನ ಜೊತೆ ಹೋಲಿಸಿ. ಎರಡೂ ಒಂದೇ ವೇಗದಲ್ಲಿ ತಪ್ಪಾಗುತ್ತಾ ಹೋದವು. ದಾಳಿಯ ನೆನಪು ಮಾತ್ರ ಕಣ್ಣಿಗೆ ಕಟ್ಟಿದ ಹಾಗೇ ಉಳಿಯಿತು, ಅದರ ಮೇಲಿನ ನಂಬಿಕೆಯೂ ಕುಗ್ಗಲಿಲ್ಲ. ಭಾವನೆ ನೆನಪಿನ ಮುಖ್ಯ ತಿರುಳನ್ನು ಗಟ್ಟಿ ಮಾಡುತ್ತದೆ, ಸುತ್ತಲಿನ ವಿವರವನ್ನು ಅಷ್ಟಾಗಿ ಕಾಪಾಡುವುದಿಲ್ಲ. ಆದರೆ ಎಲ್ಲವೂ ಸ್ಪಷ್ಟವಾಗಿದೆ ಅನ್ನುವ ಅನಿಸಿಕೆಯನ್ನು ಧಾರಾಳವಾಗಿ ಕೊಡುತ್ತದೆ. ನಿಮ್ಮನ್ನು ಬೈದದ್ದು ನಿಜ, ಅದರಲ್ಲಿ ಅನುಮಾನ ಇಲ್ಲ. ಎದುರಿಗಿದ್ದವರು ನಕ್ಕರು, ಆ ಒಂದು ಮಾತನ್ನು ಹೀಗೇ ಹೇಳಿದರು, ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದರು, ಇಂಥವನ್ನು ಸ್ವಲ್ಪ ಸಡಿಲವಾಗಿ ಹಿಡಿದುಕೊಳ್ಳಿ.

ಯಾಕೆ ಹೀಗೆ ಬದಲಾಗುತ್ತದೆ? ಒಂದು ಕಾರಣ, ನೆನಪು ಒಮ್ಮೆ ಗಟ್ಟಿಯಾದರೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಅಂತ ನಾವು ಅಂದುಕೊಳ್ಳುತ್ತೇವೆ, ಅದು ಹಾಗಿಲ್ಲ. 2000ದಲ್ಲಿ ಕರೀಂ ನಾದರ್, ಗ್ಲೆನ್ ಶಾಫೆ ಮತ್ತು ಜೋಸೆಫ್ ಲೆಡೂ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಸದ್ದಿಗೆ ಹೆದರಲು ಕಲಿತಿದ್ದ ಇಲಿಗಳಿಗೆ ಆ ಸದ್ದನ್ನು ಮತ್ತೊಮ್ಮೆ ಕೇಳಿಸಿ, ಕೂಡಲೇ ಅಮಿಗ್ಡಲಾದಲ್ಲಿ ಹೊಸ ಪ್ರೋಟೀನ್ ತಯಾರಾಗುವುದನ್ನು ತಡೆಯುವ ಔಷಧ ಹಾಕಿದರು. ಮುಂದೆ ಆ ಸದ್ದಿಗೆ ಅವು ಅಷ್ಟಾಗಿ ಹೆದರಲಿಲ್ಲ. ಸದ್ದು ಕೇಳಿಸದೆ ಸುಮ್ನೆ ಔಷಧ ಹಾಕಿದ್ದ ಇಲಿಗಳಲ್ಲಿ ಭಯ ಹಾಗೇ ಇತ್ತು. ಅಂದರೆ ನೆನಪು ಮೇಲೆ ಬಂದಾಗ ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ಮತ್ತೆ ಹೊಸದಾಗಿ ಗಟ್ಟಿಯಾಗಬೇಕು. ಮನುಷ್ಯರಲ್ಲಿ ಇದನ್ನೇ ಬಳಸಿ ಭಯವನ್ನು ತೆಗೆದುಬಿಡಬಹುದಾ ಅಂತ ಆಮೇಲೆ ತುಂಬ ಪ್ರಯತ್ನ ನಡೆದಿದೆ. ಕೆಲವು ಕಡೆ ಫಲ ಸಿಕ್ಕಿತು, ಕೆಲವು ಕಡೆ ಅದೇ ಪ್ರಯೋಗ ಮಾಡಿದರೂ ಸಿಗಲಿಲ್ಲ. ಹಾಗಾಗಿ ಇದನ್ನು ಮನೆಯಲ್ಲಿ ಮಾಡುವ ಚಿಕಿತ್ಸೆ ಅಂತ ಯಾರೂ ನಿಮಗೆ ಹೇಳದಿರಲಿ.

ಆದರೆ ದಿನನಿತ್ಯದ ಮಟ್ಟಿಗೆ ಇದರಿಂದ ಒಂದು ವಿಷಯ ಅರ್ಥ ಮಾಡಿಕೊಳ್ಳಬಹುದು. ನೀವು ಆ ಮೀಟಿಂಗನ್ನು ಪ್ರತಿ ಸಲ ನೆನೆಸಿಕೊಂಡು, ಅವತ್ತು ಹೀಗೆ ಉತ್ತರ ಕೊಡಬೇಕಿತ್ತು, ಹಾಗೆ ಎದ್ದು ಹೋಗಬೇಕಿತ್ತು ಅಂತ ಒಳಗೊಳಗೇ ಜಗಳ ಆಡಿದಾಗ, ಮೈ ಮತ್ತೆ ಬಿಸಿಯಾಗುತ್ತದೆ, ಒತ್ತಡದ ರಾಸಾಯನಿಕಗಳು ಮತ್ತೆ ಬರುತ್ತವೆ, ಆ ಹಳೆಯ ನೆನಪು ಇವತ್ತಿನ ಸಿಟ್ಟನ್ನೂ ಸೇರಿಸಿಕೊಂಡು ವಾಪಸ್ ಹೋಗಿ ಕೂರುತ್ತದೆ. ಬೈದವರು ಬೈದದ್ದು ಒಂದೇ ಸಲ. ಉಳಿದದ್ದೆಲ್ಲ ನಮ್ಮದೇ ಅಭ್ಯಾಸ. ಇದಕ್ಕೆ ಇನ್ನೊಂದೂ ಸೇರಿಕೊಳ್ಳುತ್ತದೆ: ಬೇಸರದಲ್ಲಿದ್ದಾಗ ಬೇಸರದ ನೆನಪುಗಳೇ ಬೇಗ ಕೈಗೆ ಸಿಗುತ್ತವೆ. ಗಾರ್ಡನ್ ಬೋವರ್ 1981ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು. ಒಂದು ಅವಮಾನ ನೆನಪಾದರೆ ಹಿಂದೆಯೇ ಇನ್ನೂ ನಾಲ್ಕು ಬರುವುದು ಇದಕ್ಕೇ.

ಕೂತಾಗಲೇ ಯಾಕೆ ಬರುತ್ತದೆ ಅನ್ನುವುದಕ್ಕೆ ಉತ್ತರ ಸುಲಭ. ಹೊರಗಿನ ಕೆಲಸ ನಿಂತಾಗ ಮೆದುಳು ಸುಮ್ಮನಿರುವುದಿಲ್ಲ. ಆಗ ಚುರುಕಾಗುವ ಭಾಗಗಳ ಒಂದು ಜಾಲವೇ ಇದೆ, 2001ರಲ್ಲಿ ಮಾರ್ಕಸ್ ರೇಕಲ್ ಅದನ್ನು ಡಿಫಾಲ್ಟ್ ಮೋಡ್ ಅಂತ ಕರೆದರು. ನಾನು, ನನ್ನ ನಿನ್ನೆ, ನನ್ನ ನಾಳೆ, ಅವರು ನನ್ನ ಬಗ್ಗೆ ಏನಂದುಕೊಂಡರು, ಈ ಥರದ ಯೋಚನೆಗಳಲ್ಲಿ ಈ ಜಾಲ ಕೆಲಸ ಮಾಡುತ್ತದೆ. 2010ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಫೋನ್ ಮೂಲಕ ಜನರನ್ನು ದಿನದ ನಡುವೆ ಯಾವಾಗೆಂದರೆ ಆವಾಗ ಕೇಳಿ ನೋಡಿದರು. ಹೆಚ್ಚುಕಡಿಮೆ ಶೇ. 47ರಷ್ಟು ಸಲ ಜನರ ಮನಸ್ಸು ಕೈಯಲ್ಲಿರುವ ಕೆಲಸದ ಮೇಲೆ ಇರಲಿಲ್ಲ. ನೀವು ಕಣ್ಣು ಮುಚ್ಚಿ ಕೂತಾಗ ಈ ಅಲೆದಾಟ ಹೊಸದಾಗಿ ಶುರುವಾಗುವುದಿಲ್ಲ. ಮೊದಲಿನಿಂದ ಇದ್ದದ್ದು ಈಗ ಕಣ್ಣಿಗೆ ಬೀಳುತ್ತಿದೆ. ಅದನ್ನು ಒತ್ತಿ ಹಿಡಿಯಲು ಹೋದರೆ ಇನ್ನೂ ಜಾಸ್ತಿ ಬರುತ್ತದೆ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಹೇಳಿ ಜನರನ್ನು ಕೂರಿಸಿದ ಡೇನಿಯಲ್ ವೆಗ್ನರ್ ಅವರ 1987ರ ಪ್ರಯೋಗ ನಿಮಗೆ ಗೊತ್ತಿರಬಹುದು. ಕರಡಿ ಬಂದೇ ಬರುತ್ತಿತ್ತು. ಆಮೇಲೆ ಈಗ ಯೋಚಿಸಬಹುದು ಅಂದಾಗ, ಮೊದಲಿಂದಲೂ ಯೋಚಿಸುತ್ತಿದ್ದವರಿಗಿಂತ ಇವರಿಗೇ ಜಾಸ್ತಿ ಬಂತು.

ಹಾಗಾದರೆ ಮೈಂಡ್‌ಫುಲ್‌ನೆಸ್ ಏನು ಮಾಡುತ್ತದೆ? ಜಾನ್ ಕಬತ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ ಎಂಟು ವಾರದ ತರಬೇತಿಯೇ ಇವತ್ತಿನ ಬಹಳಷ್ಟು ಸಂಶೋಧನೆಗೆ ಆಧಾರ. ಅದರಲ್ಲಿ ಕಲಿಸುವುದು ಮುಖ್ಯವಾಗಿ ಎರಡು. ಗಮನವನ್ನು ಉಸಿರಿಗೆ, ಮೈಗೆ ತರುವುದು. ಬಂದದ್ದನ್ನು ತಳ್ಳದೆ, ಹಿಂದೆ ಓಡದೆ ನೋಡುವುದು. ಕೇಳಲು ಏನೂ ಇಲ್ಲ ಅನ್ನಿಸುತ್ತದೆ, ಮಾಡಿ ನೋಡಿದವರಿಗೆ ಗೊತ್ತು ಅದರ ಕಷ್ಟ.

ನೆನಪು ಬಂದಾಗ ಗಮನ ಕಥೆಯಿಂದ ಮೈಗೆ ಇಳಿದರೆ, ಒಳಗಿನ ಅನುಭವವನ್ನು ಓದುವ ಇನ್ಸುಲಾ ಅನ್ನುವ ಭಾಗಕ್ಕೆ ಕೆಲಸ ಸಿಗುತ್ತದೆ. ಜಗಳ ಮುಂದುವರಿಸುವ ಆ ಡಿಫಾಲ್ಟ್ ಜಾಲಕ್ಕೆ ಸ್ವಲ್ಪ ಬಿಡುವು. ಬಹಳ ಕಾಲ ಧ್ಯಾನ ಮಾಡಿದವರಲ್ಲಿ ಈ ಜಾಲದ ಮುಖ್ಯ ಭಾಗಗಳು ಧ್ಯಾನದ ಹೊತ್ತಿನಲ್ಲಿ ಕಡಿಮೆ ಚುರುಕಾಗಿರುವುದನ್ನು 2011ರಲ್ಲಿ ಜಡ್ಸನ್ ಬ್ರೂವರ್ ತಂಡ ತೋರಿಸಿತು. ಇನ್ನು ಭಾವನೆಗೆ ಹೆಸರಿಡುವುದು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ ಸ್ಕ್ಯಾನ್ ಮಾಡಿದಾಗ, ಆ ಭಾವನೆಯ ಹೆಸರನ್ನು ಆರಿಸಿದ ಹೊತ್ತಿನಲ್ಲಿ ಅಮಿಗ್ಡಲಾದ ಚಟುವಟಿಕೆ ಇಳಿಯಿತು, ಹಣೆಯ ಹಿಂದೆ ಬಲಬದಿಯ ಪ್ರೀಫ್ರಾಂಟಲ್ ಕಾರ್ಟೆಕ್ಸ್‌ನದ್ದು ಏರಿತು. ಅಲ್ಲಿ ಆ ಮುಖಕ್ಕೆ ಒಬ್ಬ ವ್ಯಕ್ತಿಯ ಹೆಸರನ್ನು ಹೊಂದಿಸಿದರೆ ಅಷ್ಟು ಪರಿಣಾಮ ಆಗಲಿಲ್ಲ. ಭಾವನೆಯ ಹೆಸರೇ ಬೇಕು.

ಇಲ್ಲೇ ಒಂದು ತೊಡಕಿದೆ. ಒತ್ತಡ ತುಂಬ ಜಾಸ್ತಿಯಾದಾಗ ಇದೇ ಪ್ರೀಫ್ರಾಂಟಲ್ ಭಾಗ ಮೊದಲು ಸೋಲುತ್ತದೆ. ನಾರ್‌ಅಡ್ರಿನಲಿನ್ ಹದವಾಗಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಮಿತಿ ಮೀರಿದರೆ ಕೈಚೆಲ್ಲುತ್ತದೆ. ಕೋಪ ನೆತ್ತಿಗೇರಿದಾಗ ಬುದ್ಧಿಮಾತು ಯಾಕೆ ತಲೆಗೆ ಹೋಗುವುದಿಲ್ಲ ಅಂದರೆ ಇದಕ್ಕೇ. ಆದ್ದರಿಂದ ಅಭ್ಯಾಸವನ್ನು ಕಲಿಯಬೇಕಾದದ್ದು ನೆನಪಿನ ಬಿಸಿ ಕಡಿಮೆ ಇರುವಾಗ. ಉರಿಯುತ್ತಿರುವಾಗ ಮೊದಲ ಸಲ ಕೂತು ನೋಡಿ, ಇದು ಕೆಲಸ ಮಾಡುವುದಿಲ್ಲ ಅಂತ ಬಿಟ್ಟವರನ್ನು ತುಂಬ ನೋಡಿದ್ದೇನೆ.

ಹೀಗೆ ನೆನಪು ಬಂದಾಗಲೂ ಮೈ ಸಾವಕಾಶವಾಗಿದ್ದರೆ, ಅದು ಬಂತು, ಆದರೆ ಏನೂ ಆಗಲಿಲ್ಲ ಅನ್ನುವ ಹೊಸ ಪಾಠ ಒಂದು ಮೆದುಳಿಗೆ ಸಿಗುತ್ತದೆ. ಹಳೆಯ ಪಾಠ ಹೋಗುವುದಿಲ್ಲ, ಅದರ ಪಕ್ಕದಲ್ಲಿ ಇದು ಕೂರುತ್ತದೆ. ನಾಯಿಗಳ ಮೇಲೆ ಪ್ರಯೋಗ ಮಾಡಿದ ಪಾವ್ಲೋವ್‌ಗೇ ಇದು ಗೊತ್ತಿತ್ತು. ಆರಿಹೋಯಿತು ಅಂದುಕೊಂಡ ಪ್ರತಿಕ್ರಿಯೆ ಕೆಲವು ಕಾಲ ಬಿಟ್ಟರೆ ಮತ್ತೆ ತಾನಾಗಿ ಬರುತ್ತಿತ್ತು. ನಿಮಗೂ ಹಾಗೆ ಆಗಬಹುದು. ತಿಂಗಳುಗಟ್ಟಲೆ ಸುಮ್ಮನಿದ್ದ ಮೀಟಿಂಗ್ ನಿದ್ದೆಗೆಟ್ಟ ದಿನ, ಅಥವಾ ಅಂಥದ್ದೇ ಇನ್ನೊಂದು ಕೋಣೆಗೆ ಕಾಲಿಟ್ಟ ದಿನ ಪೂರ್ತಿ ಬಿಸಿಯೊಂದಿಗೆ ಬರಬಹುದು. ಮಾಡಿದ್ದೆಲ್ಲ ವ್ಯರ್ಥ ಅಂತ ಆಗ ಅಂದುಕೊಳ್ಳಬೇಡಿ, ಎರಡನೆಯ ಪಾಠ ಇನ್ನೂ ಅಲ್ಲೇ ಇರುತ್ತದೆ.

ಮೆದುಳಿನ ಆಕಾರ ಬದಲಾಗುವ ಮಾತು. ಇದು 2011ರ ಒಂದು ಅಧ್ಯಯನದಿಂದ ಜೋರಾಗಿ ಹರಡಿತು. ಬ್ರಿಟಾ ಹೋಲ್ಜೆಲ್ ತಂಡ ಎಂಟು ವಾರದ ತರಬೇತಿ ಮುಗಿಸಿದ ಒಂದು ಸಣ್ಣ ಗುಂಪಿನಲ್ಲಿ ಹಿಪ್ಪೋಕ್ಯಾಂಪಸ್‌ನ ಬೂದು ದ್ರವ್ಯ, ಅಂದರೆ ನರಕೋಶಗಳು ತುಂಬಿರುವ ಭಾಗ, ಹೆಚ್ಚಿದೆ ಅಂತ ವರದಿ ಮಾಡಿತು. ಆದರೆ 2022ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಇನ್ನೂ ದೊಡ್ಡ ಗುಂಪುಗಳಲ್ಲಿ, ಲಾಟರಿ ಎತ್ತಿದ ಹಾಗೆ ಜನರನ್ನು ಹಂಚಿ ನೋಡಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಆ ತಂಡದಲ್ಲಿ ರಿಚರ್ಡ್ ಡೇವಿಡ್‌ಸನ್ ಕೂಡ ಇದ್ದರು. ಧ್ಯಾನದ ಸಂಶೋಧನೆಗೇ ಬದುಕು ಮುಡಿಪಿಟ್ಟವರು ಅವರು, ಧ್ಯಾನದ ಮೇಲೆ ದ್ವೇಷ ಇದ್ದವರೇನಲ್ಲ. ಎಂಟು ವಾರದಲ್ಲಿ ಮೆದುಳು ದಪ್ಪವಾಗುತ್ತದೆ ಅನ್ನುವ ಆಸೆ ಬಿಟ್ಟುಬಿಡಿ. ಮೆದುಳು ಕೆಲಸ ಮಾಡುವ ರೀತಿ ಬದಲಾಗಲು ಅದು ದಪ್ಪವಾಗಬೇಕಾಗಿಯೂ ಇಲ್ಲ.

ಜನರ ಬದುಕಿನಲ್ಲಿ ಕಂಡ ಫಲವನ್ನು ನಾನು ಜಾಸ್ತಿ ನಂಬುತ್ತೇನೆ. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದು ಎದ್ದವರಲ್ಲಿ, ಮೈಂಡ್‌ಫುಲ್‌ನೆಸ್ ಸೇರಿಸಿದ ಗುಂಪು ಚಿಕಿತ್ಸೆ ಮತ್ತೆ ಬೀಳುವುದನ್ನು ಕಡಿಮೆ ಮಾಡಿತು ಅಂತ 2000ದಲ್ಲಿ ಜಾನ್ ಟೀಸ್‌ಡೇಲ್ ಮತ್ತು ಜೊತೆಗಾರರು ತೋರಿಸಿದರು. ಆತಂಕದ ಕಾಯಿಲೆ ಇದ್ದ 276 ಜನರ ಮೇಲೆ ಎಲಿಜಬೆತ್ ಹೋಗ್ ತಂಡ ನಡೆಸಿದ ಪರೀಕ್ಷೆಯಲ್ಲಿ ಎಂಟು ವಾರದ ತರಬೇತಿ, ಆತಂಕಕ್ಕೆ ಕೊಡುವ ಎಸಿಟಲೊಪ್ರಾಮ್ ಮಾತ್ರೆಗಿಂತ ಕಡಿಮೆ ಬೀಳಲಿಲ್ಲ. ಇವು ಗಟ್ಟಿ ಫಲಿತಾಂಶಗಳು. ಆದರೆ ಅಲ್ಲಿ ತರಬೇತಿ ಪಡೆದ ಶಿಕ್ಷಕರಿದ್ದರು, ವಾರಕ್ಕೊಮ್ಮೆ ತರಗತಿ ಇತ್ತು, ದಿನವೂ ಅಭ್ಯಾಸ ಇತ್ತು. ಫೋನಿನಲ್ಲಿ ಐದು ನಿಮಿಷ ಯಾರದೋ ಧ್ವನಿ ಕೇಳುವುದಕ್ಕೆ ಅದೇ ಫಲ ಬರುತ್ತದೆ ಅಂತ ಇದರಿಂದ ಹೇಳಲಾಗದು.

ಪುಟ ಮರೆಯುವ ಬಗ್ಗೆ ಎರಡು ಮಾತು. ಗಮನ ಇಲ್ಲದೆ ಓದಿದ್ದು ಹಿಪ್ಪೋಕ್ಯಾಂಪಸ್ ತನಕ ಸರಿಯಾಗಿ ಹೋಗುವುದೇ ಇಲ್ಲ, ಹಾಗಾಗಿ ಅಲೆದಾಟ ಕಡಿಮೆಯಾದರೆ ಓದಿದ್ದು ಉಳಿಯಲು ಸ್ವಲ್ಪ ಸಹಾಯ ಆಗುತ್ತದೆ. 2013ರಲ್ಲಿ ಮೈಕಲ್ ಮ್ರಾಜೆಕ್ ತಂಡ ಎರಡು ವಾರದ ತರಬೇತಿಯಿಂದ ವಿದ್ಯಾರ್ಥಿಗಳ ಓದಿ ಅರ್ಥ ಮಾಡಿಕೊಳ್ಳುವ ಅಂಕ ಏರಿದ್ದನ್ನು ಕಂಡಿತು. ಆದರೆ ಧ್ಯಾನ ಮಾಡಿದರೆ ನೆನಪು ಎಲ್ಲ ರೀತಿಯಲ್ಲೂ ಚೂಪಾಗುತ್ತದೆ ಅಂತಲ್ಲ. 2015ರಲ್ಲಿ ಬ್ರೆಂಟ್ ವಿಲ್ಸನ್ ಮತ್ತು ಜೊತೆಗಾರರು ಹದಿನೈದು ನಿಮಿಷದ ಮೈಂಡ್‌ಫುಲ್‌ನೆಸ್ ಆದ ಮೇಲೆ ಪದಗಳ ಪಟ್ಟಿ ಕೊಟ್ಟು ಪರೀಕ್ಷಿಸಿದರು. ಹಾಸಿಗೆ, ದಿಂಬು, ಕನಸು ಅಂತ ಕೊಟ್ಟು, ನಿದ್ದೆ ಅನ್ನುವ ಪದ ಇತ್ತಾ ಅಂತ ಕೇಳುವ ಥರದ ಪರೀಕ್ಷೆ. ಇಲ್ಲದ ಪದ ಇತ್ತು ಅಂತ ಹೇಳಿದವರು ಅಭ್ಯಾಸ ಮಾಡಿದ ಗುಂಪಿನಲ್ಲೇ ಜಾಸ್ತಿ! ಹೊರಗೆ ಕೇಳಿದ್ದು ಯಾವುದು, ನಾನೇ ಒಳಗೆ ಹುಟ್ಟಿಸಿಕೊಂಡದ್ದು ಯಾವುದು ಅನ್ನುವ ಗೆರೆ ಅವರಲ್ಲಿ ಸ್ವಲ್ಪ ಮಸುಕಾಗಿತ್ತು ಅಂತ ಅವರ ವಿವರಣೆ. ನನಗಂತೂ ಇದು ಈ ಕ್ಷೇತ್ರದ ಅತಿ ತಮಾಷೆಯ ಫಲಿತಾಂಶ. ಪುಟಕ್ಕೆ ಒಳ್ಳೆಯ ಮದ್ದು ಬೇರೆಯೇ ಇದೆ: ಓದಿ, ಪುಸ್ತಕ ಮುಚ್ಚಿ, ಏನು ಓದಿದೆ ಅಂತ ನಿಮಗೆ ನೀವೇ ಹೇಳಿಕೊಳ್ಳಿ. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿಸಿಕೊಳ್ಳುವುದರಿಂದ ಜಾಸ್ತಿ ಉಳಿಯುತ್ತದೆ.

ಈಗ ನೀವು ಮುಂದಿನ ಸಲ ಕೂತಾಗ ಏನು ಮಾಡಬಹುದು ಅಂತ ಹೇಳುತ್ತೇನೆ. ಮೀಟಿಂಗ್ ಬಂತು. ಬರಲಿ. ಅದು ಮೈಯಲ್ಲಿ ಎಲ್ಲಿದೆ ನೋಡಿ, ಗಂಟಲಾ, ಹೊಟ್ಟೆಯಾ, ದವಡೆಯಾ. ಭಾವನೆಗೆ ಒಂದು ಸಾದಾ ಹೆಸರು ಕೊಡಿ, ನಾಚಿಕೆ ಅಂತಲೋ ಸಿಟ್ಟು ಅಂತಲೋ. ಬಹಳ ಸಲ ಮೊದಲು ಸಿಟ್ಟು ಕಾಣುತ್ತದೆ, ಅದರ ಅಡಿಯಲ್ಲಿ ನಾಚಿಕೆ ಇರುತ್ತದೆ. ಉತ್ತರ ಕೊಡಲು ಮನಸ್ಸು ಹೊರಟಾಗ, ವಾದ ಶುರುವಾಯಿತು ಅಂತ ಗುರುತಿಸಿ ಉಸಿರಿಗೆ ವಾಪಸ್ ಬನ್ನಿ. ಹತ್ತು ಸಲ ಹೋದರೆ ಹತ್ತು ಸಲ ಬನ್ನಿ, ಆ ವಾಪಸ್ ಬರುವುದೇ ಅಭ್ಯಾಸ. ಬಿಸಿ ಏರುತ್ತಲೇ ಹೋದರೆ ಕಣ್ಣು ತೆರೆಯಿರಿ, ಕಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಸುತ್ತಲಿನ ಸದ್ದು ಕೇಳಿ, ಬೇಕಾದರೆ ಎದ್ದು ನಡೆಯಿರಿ. ಹಟ ಹಿಡಿದು ಕೂರುವುದರಿಂದ ಯಾವ ಲಾಭವೂ ಇಲ್ಲ.

ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ನೋವಿನ ನೆನಪು, ಆದರೆ ಸಾಮಾನ್ಯ ಬಗೆಯದು. ಎಲ್ಲರದ್ದೂ ಹಾಗಿರುವುದಿಲ್ಲ. ಹಲ್ಲೆ, ದೌರ್ಜನ್ಯ, ಭೀಕರ ಅಪಘಾತ ಕಂಡವರಿಗೆ ಕಣ್ಣು ಮುಚ್ಚಿ ಮೈಯನ್ನು ಗಮನಿಸುವುದೇ ಅಪಾಯದ ಬಾಗಿಲು ತೆರೆದ ಹಾಗೆ ಆಗಬಹುದು. ಆ ಘಟನೆ ಈಗಲೇ ನಡೆಯುತ್ತಿದೆ ಅನ್ನಿಸಿದರೆ, ಮೈ ತನ್ನದಲ್ಲ ಅನ್ನಿಸಿದರೆ, ಕೂತ ಮೇಲೆ ರಾತ್ರಿ ನಿದ್ದೆ ಹಾಳಾಗುತ್ತಿದ್ದರೆ, ಒಬ್ಬರೇ ಮಾಡುವುದನ್ನು ನಿಲ್ಲಿಸಿ, ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಇರುವ ಮನಶ್ಶಾಸ್ತ್ರಜ್ಞರನ್ನು ನೋಡಬೇಕು. ಈಗಾಗಲೇ ಖಿನ್ನತೆಗೆ, ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೈಂಡ್‌ಫುಲ್‌ನೆಸ್ ಶುರು ಮಾಡಿದ್ದೇನೆ ಅಂತ ಅದನ್ನು ತಾವಾಗಿ ಬಿಡಬಾರದು. ಎರಡೂ ಒಟ್ಟಿಗೆ ನಡೆಯಬಹುದು, ಕಡಿಮೆ ಮಾಡುವ ಮಾತಿದ್ದರೆ ಅದನ್ನು ಬರೆದುಕೊಟ್ಟ ಡಾಕ್ಟರ ಜೊತೆ ಆಡಿ.